ಡಾಲರ್ ಮೇಷ್ಟ್ರು

ಹಿಮ ತೆಗೆಯುವ ಯಂತ್ರ ಕೊಳ್ಳುವ ಮೊದಲು ಏನೇನು ನೋಡಬೇಕು ಎಂಬುದು ಇಡೀ ದಾವಣಗೆರೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಅವರೇ ನಮ್ಮ ಬೀದಿಯ ಡಾಲರ್ ಮೇಷ್ಟ್ರು. ಅಂಗಳ ಚಿಕ್ಕದಿದ್ದರೆ ಒಂದು ಹಂತದ ಯಂತ್ರ ಸಾಕು. ಮೊಣಕಾಲು ಮುಳುಗುವಷ್ಟು ಬೀಳುವ ಕಡೆಯಾದರೆ ಎರಡು ಹಂತದ್ದೇ ಆಗಬೇಕು. ಜಲ್ಲಿ ಹಾಸಿದ ದಾರಿಯಾದರೆ ಒಂದು ಹಂತದ್ದನ್ನು ಮುಟ್ಟಲೇಬಾರದು, ಕಲ್ಲು ಎಗರಿ ನೆರೆಮನೆಯ ಕಿಟಕಿ ಒಡೆದೀತು. ಇಷ್ಟನ್ನೂ ಅವರು ನಿದ್ದೆಗಣ್ಣಲ್ಲೂ ಹೇಳಬಲ್ಲರು. ಹಿಮವನ್ನು ಮಾತ್ರ ಕಂಡವರಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಂಡದ್ದನ್ನು ದೋಸೆ ಮಗುಚುವ ಕೈಯಲ್ಲಿ ಕೆರೆದು ತೆಗೆದದ್ದೇ ಅವರ ಕ್ಷೇತ್ರಕಾರ್ಯ. ಏಪ್ರಿಲ್ ತಿಂಗಳ ನಡುಹಗಲಲ್ಲಿ, ತಾರಸಿ ಮೇಲಿನ ಶೀಟಿನ ರೂಮಿನಲ್ಲಿ, ಬನಿಯನ್ನನ್ನೂ ಕಳಚಿಟ್ಟು, ಹೆಗಲಿಗೆ ಒದ್ದೆ ಟವೆಲ್ಲು ಹಾಕಿಕೊಂಡು, 'ಮನೆ ಮುಂದಿನ ಹಿಮವನ್ನು ಅಪಾಯವಿಲ್ಲದೆ ತೆಗೆಯುವ 9 ವಿಧಾನಗಳು' ಎಂದು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದ ಅವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಳನೆಯ ವಿಧಾನ, 'ಬೆಚ್ಚಗಿನ ಉಡುಪು ಧರಿಸಿ' ಎಂದಿತ್ತು.

ಇದರ ಹಿಂದೆ ಅರ್ಥಶಾಸ್ತ್ರವಿದೆ. ಮೇಷ್ಟ್ರು ಪಿಯು ಕಾಲೇಜಿನಲ್ಲಿ ಕಾಮರ್ಸ್ ಹೇಳುವವರು. ಲಾಭವಿಲ್ಲದ ಕಡೆ ಕಾಲಿಡುವ ಜಾಯಮಾನ ತಮ್ಮದಲ್ಲ ಎಂಬುದು ಅವರ ಸ್ವಂತ ಅಭಿಪ್ರಾಯ. 2008ರ ಸುಮಾರಿಗೆ ಮನೆಗೆ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಬಂತು. ಆಗ ಇಂಟರ್ನೆಟ್ಟಿನಲ್ಲಿ ಒಂದು ಹೊಸ ಸುಗ್ಗಿ ನಡೆದಿತ್ತು. ಯಾರು ಬೇಕಾದರೂ ಬಂದು ಏನು ಬೇಕಾದರೂ ಬರೆಯಬಹುದು. ತಾಣದವರು ಪಕ್ಕದಲ್ಲಿ ಜಾಹೀರಾತು ಅಂಟಿಸುತ್ತಾರೆ. ಬಂದದ್ದರಲ್ಲಿ ಬರೆದವನಿಗೂ ಪಾಲು. 2006ರಲ್ಲಿ ಹುಟ್ಟಿದ ಹಬ್‌ಪೇಜಸ್ ಎಂಬ ತಾಣ, ಜಾಹೀರಾತು ನೂರು ಸಲ ಕಾಣಿಸಿಕೊಂಡರೆ ಅರವತ್ತು ಸಲದ್ದು ಲೇಖಕನ ಲೆಕ್ಕಕ್ಕೆ, ಉಳಿದ ನಲವತ್ತು ತನ್ನ ಲೆಕ್ಕಕ್ಕೆ ಎಂದಿತು. ಸೇತ್ ಗೋಡಿನ್ ಎಂಬ ಮಾರುಕಟ್ಟೆ ಪಂಡಿತ ಅದಕ್ಕಿಂತ ಒಂದು ವರ್ಷ ಮೊದಲೇ ತೆರೆದಿದ್ದ ಸ್ಕ್ವಿಡೂ, ಶೇಕಡ 5ನ್ನು ಧರ್ಮಕ್ಕೆ ತೆಗೆದಿಟ್ಟು 50ನ್ನು ಬರೆದವನಿಗೆ ಕೊಡುತ್ತೇನೆಂದಿತು. ನಮ್ಮಲ್ಲಿ ಪುಸ್ತಕ ಬರೆದವನಿಗೆ ಪ್ರಕಾಶಕರು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವುದು ಶೇಕಡ 10. "ಹತ್ತೆಲ್ಲಿ, ಅರವತ್ತೆಲ್ಲಿ!" ಎಂದು ಮೇಷ್ಟ್ರು ಬೆಣ್ಣೆದೋಸೆ ಹೋಟೆಲಿನ ಕಲ್ಲುಮೇಜು ಕುಟ್ಟಿದರು. ಯಾವುದರ ಅರವತ್ತು ಎಂದು ನಮ್ಮಲ್ಲಿ ಯಾರಿಗೂ ಕೇಳಲು ಹೊಳೆಯಲಿಲ್ಲ, ದೋಸೆಯ ಬಿಲ್ಲು ಅವರೇ ಕೊಡುತ್ತಿದ್ದರು.

ಕೆಲವೇ ವಾರಗಳಲ್ಲಿ ಅವರಿಗೆ ಎರಡನೆಯ ಜ್ಞಾನೋದಯವಾಯಿತು. ಅಮೆರಿಕದಲ್ಲಿ ಕೂತವನು ಜಾಹೀರಾತು ಒತ್ತಿದರೆ ಬರುವ ದುಡ್ಡು, ಹರಿಹರದಲ್ಲಿ ಕೂತವನು ಒತ್ತಿದರೆ ಬರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾದರೆ ಹರಿಹರದವನಿಗಾಗಿ ಏಕೆ ಬರೆಯಬೇಕು? ಅಂದಿನಿಂದ ಮೇಷ್ಟ್ರು ಅಮೆರಿಕದವನಿಗೆ ಏನು ಚಿಂತೆ ಎಂದು ಚಿಂತಿಸತೊಡಗಿದರು. ಅವನಿಗೆ ಹಿಮದ ಚಿಂತೆ, ವಾಹನ ವಿಮೆಯ ಚಿಂತೆ, ಮನೆಸಾಲದ ಚಿಂತೆ, ವಕೀಲನ ಚಿಂತೆ. ಇವೆಲ್ಲಕ್ಕಿಂತ ದುಬಾರಿ ಚಿಂತೆಯೊಂದನ್ನು ಅವರು ಹುಡುಕಿ ತೆಗೆದರು. ಅದರ ಹೆಸರು ಮೀಸೋಥೀಲಿಯೋಮ.

ಇದು ಕಲ್ನಾರು, ಅಂದರೆ ಆಸ್ಬೆಸ್ಟಾಸಿನ ಎಳೆ ಉಸಿರಿನೊಂದಿಗೆ ಒಳಗೆ ಹೋಗಿ, ಹತ್ತಾರು ವರ್ಷ ಸುಮ್ಮನಿದ್ದು, ಆಮೇಲೆ ಶ್ವಾಸಕೋಶದ ಪೊರೆಗೆ ತರುವ ಕ್ಯಾನ್ಸರ್. ಅಮೆರಿಕದಲ್ಲಿ ರೋಗಿಗಳು ಕಂಪನಿಗಳ ಮೇಲೆ ದಾವೆ ಹೂಡಿ ಭಾರಿ ಪರಿಹಾರ ಪಡೆಯುತ್ತಾರೆ. ಅಂಥ ಕಕ್ಷಿದಾರರನ್ನು ಹಿಡಿಯಲು ವಕೀಲರು ಜಾಹೀರಾತಿಗೆ ಮುಗಿಬೀಳುವುದರಿಂದ ಆ ಒಂದು ಪದದ ಒತ್ತಿಗೆ ಅಂತರ್ಜಾಲದಲ್ಲೇ ಅತಿ ಹೆಚ್ಚು ಬೆಲೆ ಕಟ್ಟುವವರ ಸಾಲಿತ್ತು. ಮೇಷ್ಟ್ರಿಗೆ ಆ ಪದ ಇವತ್ತಿಗೂ ಒಂದೇ ಉಸಿರಿಗೆ ಹೇಳಲು ಬರುವುದಿಲ್ಲ. ಆದರೆ ಅದರ ಮೇಲೆ ಲೇಖನಮಾಲೆ ಬರೆದರು. ಲಕ್ಷಣಗಳು, ವಕೀಲರನ್ನು ಆರಿಸುವ ಬಗೆ, ಮನೆಯಲ್ಲಿ ಕಲ್ನಾರು ಇದ್ದರೆ ವಹಿಸಬೇಕಾದ ಎಚ್ಚರ. ಶೀಟನ್ನು ಒಡೆಯಬಾರದು, ಕೊರೆಯಬಾರದು, ಪುಡಿ ಎಬ್ಬಿಸಬಾರದು ಎಂದು ನಾಲ್ಕನೆಯ ಅಂಶದಲ್ಲಿ ದಪ್ಪಕ್ಷರದಲ್ಲಿ ಹಾಕಿದರು. ಹಾಕಿದ ವಾರವೇ ಬ್ರಾಡ್‌ಬ್ಯಾಂಡಿನ ವೈರು ಒಳಗೆ ಎಳೆಯಲು ತಮ್ಮ ರೂಮಿನ ಸಿಮೆಂಟ್ ಶೀಟಿಗೆ ಡ್ರಿಲ್ಲು ಹಿಡಿಸಿದರು.

ನಾನು ಕೆಳಗಿನಿಂದ ಬಿಳಿ ಪುಡಿ ಉದುರುವುದನ್ನು ನೋಡಿ ಮೇಲೆ ಹತ್ತಿದೆ. "ಮೇಷ್ಟ್ರೇ, ನೀವು ಬರೀತಿರೋದು ಇದೇ ಅಲ್ವೇನ್ರಿ, ತಲೆ ಮೇಲಿರೋದು?"

ಮೇಷ್ಟ್ರು ಕತ್ತೆತ್ತಿ ಶೀಟನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಹೌದ್ರೀ, ಇದೇ. ಆದ್ರೆ ಅಲ್ಲಿ ಬಂದ್ರೆ ಪರಿಹಾರ ಸಿಗುತ್ತೆ. ಇಲ್ಲಿ ಬಂದ್ರೆ ಯಾರು ಕೊಡ್ತಾರೆ?" ಎಂದು ಮತ್ತೆ ಕೀಲಿಮಣೆಗೆ ಬಾಗಿದರು. ಪರಿಹಾರ ಸಿಗದ ದೇಶದಲ್ಲಿ ಕಾಯಿಲೆಯೂ ಬರುವುದಿಲ್ಲ ಎಂಬ ಅವರ ನಂಬಿಕೆಯನ್ನು ಕದಲಿಸಲು ನನ್ನಿಂದಾಗಲಿಲ್ಲ.

ನವೆಂಬರ್ ಬಂತೆಂದರೆ ಇನ್ನೊಂದು ಅವತಾರ. ಆ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದವರಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಲ್ಲಿಂದ ಕ್ರಿಸ್‌ಮಸ್‌ವರೆಗೆ ಜಾಹೀರಾತುಗಳಿಗೆ ಹಬ್ಬ. ನಾವು ರಾಜ್ಯೋತ್ಸವದ ಬಾವುಟ ಕಟ್ಟುತ್ತಿದ್ದರೆ ಮೇಷ್ಟ್ರು ಟರ್ಕಿ ಕೋಳಿಯನ್ನು ಉಪ್ಪುನೀರಿನಲ್ಲಿ ಎಷ್ಟು ಹೊತ್ತು ನೆನೆಹಾಕಬೇಕೆಂದು ಓದಿಕೊಳ್ಳುತ್ತಿದ್ದರು. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ ಅದು. ಒಂದು ದಿನ ಅಕ್ಕ, ಅಂದರೆ ಮೇಷ್ಟ್ರ ಮನೆಯವರು, ಕಾಫಿ ಕೊಡಲು ಮೇಲೆ ಹೋದಾಗ ಪರದೆಯ ಮೇಲೆ ಕಾಲು ಕಟ್ಟಿದ ಬೋಳು ಹಕ್ಕಿಯ ಚಿತ್ರ ಕಂಡು ಲೋಟ ಕೆಳಗಿಟ್ಟು ಬಂದವರು, ಕಂಪ್ಯೂಟರಿಗೆ ಗಂಜಲ ಸಿಂಪಡಿಸುವವರೆಗೂ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಟರ್ಕಿಯ ಒಳಮಾಂಸ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಮೇಲೆ ಮಾತ್ರ ಒಲೆಯಿಂದ ತೆಗೆಯಬೇಕೆಂದು ಮೇಷ್ಟ್ರಿಗೆ ಬಾಯಿಪಾಠ. ಉಪ್ಪಿಟ್ಟಿಗೆ ರವೆ ಮೊದಲೋ ನೀರು ಮೊದಲೋ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಆಗಿನ ಬ್ರಾಡ್‌ಬ್ಯಾಂಡ್ ಯೋಜನೆಯೊಂದರಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕವಿರಲಿಲ್ಲ. ಕಾಮರ್ಸ್ ಓದಿದವರು ಹಗಲು ದುಡ್ಡು ಕೊಟ್ಟು ಬಳಸುತ್ತಾರೆಯೇ? ಮೇಷ್ಟ್ರು ಅಲಾರಾಂ ಇಟ್ಟು ಎರಡಕ್ಕೆ ಏಳುತ್ತಿದ್ದರು. ಆ ಹೊತ್ತಿಗೆ ಬೀದಿಯಲ್ಲಿ ಎದ್ದಿರುತ್ತಿದ್ದವರು ಮೇಷ್ಟ್ರು, ಮಂಡಕ್ಕಿ ಭಟ್ಟಿಯವರು ಮತ್ತು ನಾಯಿಗಳು. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಜಮಾ-ಖರ್ಚು ಹೇಳುತ್ತ ಅವರು ನಿಂತಲ್ಲೇ ತೂಕಡಿಸುವುದು, ಮಕ್ಕಳು ಸದ್ದು ಮಾಡದೆ ಒಬ್ಬೊಬ್ಬರೇ ಜಾರಿಕೊಳ್ಳುವುದು ಆ ಕಾಲೇಜಿನ ಸಂಪ್ರದಾಯವೇ ಆಗಿಹೋಯಿತು.

ಗಳಿಕೆ 10 ಡಾಲರ್ ದಾಟಿದಾಗ ವಿಳಾಸ ಖಚಿತಪಡಿಸಿಕೊಳ್ಳಲು, ಆ ಜಾಹೀರಾತುಗಳ ಹಣ ಕೊಡುವ ಗೂಗಲ್ ಆಡ್‌ಸೆನ್ಸಿನವರು ಒಂದು ಗುಪ್ತಸಂಖ್ಯೆಯನ್ನು ಮಾಮೂಲಿ ಅಂಚೆಯಲ್ಲಿ ಕಳಿಸುತ್ತಾರೆ. ಜಗತ್ತಿನ ಮೂಲೆ ಮೂಲೆಯನ್ನು ಆಕಾಶದಿಂದ ಫೋಟೋ ಹಿಡಿಯುವ ಕಂಪನಿ, ಮೇಷ್ಟ್ರ ಮನೆ ಎಲ್ಲಿದೆ ಎಂದು ತಿಳಿಯಲು ನಮ್ಮ ಪೋಸ್ಟ್‌ಮ್ಯಾನನ್ನೇ ನಂಬಿತು. ವಿಳಾಸದಲ್ಲಿ 'ಮಂಡಕ್ಕಿ ಭಟ್ಟಿ ಹಿಂಭಾಗ' ಎಂದಿತ್ತು. ದಾವಣಗೆರೆಯಲ್ಲಿ ಇದು ವಿಳಾಸವೇ ಅಲ್ಲ. ಅರ್ಧ ಊರು ಯಾವುದಾದರೊಂದು ಭಟ್ಟಿಯ ಹಿಂಭಾಗದಲ್ಲೇ ಇದೆ. ಮೊದಲ ಕಾಗದ ಬರಲಿಲ್ಲ. ಮರುಕಾಗದ ಕೇಳಿದರು. ನಾಲ್ಕು ತಿಂಗಳೊಳಗೆ ಸಂಖ್ಯೆ ತುಂಬದಿದ್ದರೆ ಜಾಹೀರಾತೇ ನಿಂತುಹೋಗುತ್ತದೆಂಬ ನಿಯಮ ಬೇರೆ. ಆ ದಿನಗಳಲ್ಲಿ ಮೇಷ್ಟ್ರು ಪೋಸ್ಟ್‌ಮ್ಯಾನನ್ನು ಮಾತಾಡಿಸುತ್ತಿದ್ದ ವಿನಯವನ್ನು ಹೆಣ್ಣು ಕೊಟ್ಟ ಮಾವನೂ ಕಂಡಿರಲಿಲ್ಲ. "ಬರ್ರಿ ಅಣ್ಣಾ, ಬಿಸಿಲಾಗೆ ಬಂದೀರಿ, ಮಜ್ಜಿಗೆ ಕುಡೀರಿ." ಪೋಸ್ಟ್‌ಮ್ಯಾನು ಮಜ್ಜಿಗೆ ಕುಡಿದು ಕರೆಂಟು ಬಿಲ್ಲು ಕೊಟ್ಟು ಹೋಗುತ್ತಿದ್ದ.

ಕೊನೆಗೆ ಕಾಗದ ಬಂತು, ಸಂಖ್ಯೆ ತುಂಬಿತು, 100 ಡಾಲರ್ ಆದ ಮೇಲೆ ಚೆಕ್ಕೂ ಬಂತು. ನೂರು ಮುಟ್ಟಲು ಎಷ್ಟು ಕಾಲ ಹಿಡಿಯಿತೆಂದರೆ, ಅವರು ಬರೆಯಲು ಕೂತಾಗ ಪ್ರಥಮ ಪಿಯುಸಿಯಲ್ಲಿದ್ದ ಹುಡುಗರು ಚೆಕ್ಕು ಬಂದಾಗ ಬಿ.ಕಾಂ. ಸೇರಿದ್ದರು. ಆಗ ಡಾಲರಿಗೆ 48 ರೂಪಾಯಿಯ ಆಸುಪಾಸು. ಚೆಕ್ಕು ರೂಪಾಯಿಯಲ್ಲೇ ಇತ್ತು. ಬಿರುದು ಮಾತ್ರ ಡಾಲರಿನಲ್ಲಿ ಅಂಟಿಕೊಂಡಿತು. ಮೇಷ್ಟ್ರು ಬೀದಿಗೆಲ್ಲ ಮಿರ್ಚಿ-ಮಂಡಕ್ಕಿ ಹಂಚಿ, ಚೆಕ್ಕಿನ ಕಲರ್ ಜೆರಾಕ್ಸಿಗೆ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದರು. ಬ್ರಾಡ್‌ಬ್ಯಾಂಡು, ಕರೆಂಟು, ಯುಪಿಎಸ್ಸು, ಮಜ್ಜಿಗೆ ಎಲ್ಲ ಕಳೆದರೆ ನಷ್ಟವೇ ಅಲ್ಲವೇ ಎಂದು ಅವರ ಸಹೋದ್ಯೋಗಿಯೊಬ್ಬರು ಕೇಳಿದ್ದುಂಟು. "ಅದು ಪ್ರಾರಂಭಿಕ ವೆಚ್ಚ. ಗುಡ್‌ವಿಲ್ ಅಂತ ಒಂದಿದೆ, ಆಸ್ತಿ ಕಡೆ ಬರುತ್ತೆ" ಎಂದರು. ಹಾಲಿನ ಗೋಡೆ ಕಡೆ ಕೈ ತೋರಿಸಿದ್ದರಿಂದ ಆಸ್ತಿ ಯಾವುದೆಂದು ಎಲ್ಲರಿಗೂ ತಿಳಿಯಿತು.

ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ನಮ್ಮೂರಲ್ಲಿ ಕವಿಗಳಿಗೇನೂ ಬರವಿಲ್ಲ. ಪ್ರತಿ ಕವಿಗೋಷ್ಠಿಯಲ್ಲೂ ಸಭಿಕರಿಗಿಂತ ವೇದಿಕೆಯ ಮೇಲೆ ಜನ ಹೆಚ್ಚು. ಅವರಲ್ಲಿ ಎಷ್ಟೋ ಮಂದಿ ಪತ್ರಿಕೆಗಳ ಗೌರವಧನಕ್ಕಾಗಿ ಅಂಚೆ ಕಾದು, ಕೊನೆಗೆ ಗೌರವ ಪ್ರತಿಯೊಂದಕ್ಕೇ ತೃಪ್ತರಾದವರು. ಸ್ವಂತ ದುಡ್ಡಿನಲ್ಲಿ ಸಂಕಲನ ಅಚ್ಚುಹಾಕಿಸಿ ಮಂಚದ ಕೆಳಗೆ ಇಟ್ಟುಕೊಂಡವರೂ ಇದ್ದಾರೆ. ಬರೆದದ್ದಕ್ಕೆ ಸಪ್ತಸಾಗರದಾಚೆಯಿಂದ ಹಣ ತರಿಸಿದವರು ಇವರೊಬ್ಬರೇ. ಕವಿಗಳೂ ಅವರನ್ನು ಕಂಡರೆ ಎದ್ದು ನಿಲ್ಲುತ್ತಾರೆ, ಒಳಗೊಳಗೇ ಬೈದುಕೊಂಡಾದರೂ.

ಈ ಲೇಖನಗಳನ್ನು ಓದುವವರು ಯಾರು? ನನಗೂ ಕುತೂಹಲವಿತ್ತು. ಒಮ್ಮೆ ಪ್ರತಿಕ್ರಿಯೆಗಳನ್ನು ತೋರಿಸಿದರು. 'ಉಪಯುಕ್ತ ಮಾಹಿತಿ, ಮತ ಹಾಕಿದ್ದೇನೆ' ಎಂದು ಫಿಲಿಪೀನ್ಸಿನ ಒಬ್ಬ ಗೃಹಿಣಿ. 'ಅದ್ಭುತ ಬರಹ, ಹಂಚಿಕೊಂಡಿದ್ದೇನೆ' ಎಂದು ಕೀನ್ಯಾದ ಒಬ್ಬ ವಿದ್ಯಾರ್ಥಿ. ಹಿಮದ ಲೇಖನವನ್ನು ಮೆಚ್ಚಿದವರಲ್ಲಿ ಹೆಚ್ಚಿನವರು ಹಿಮ ಬೀಳದ ದೇಶದವರು, ಮತ್ತು ಎಲ್ಲರೂ ಅದೇ ತಾಣದಲ್ಲಿ ಬರೆಯುವವರು. ಮೇಷ್ಟ್ರ ಮೇಜಿನ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಎಡಕ್ಕೆ ತಾವು ಯಾರ ಲೇಖನಕ್ಕೆ ಏನು ಹೊಗಳಿಕೆ ಹಾಕಿದರು, ಬಲಕ್ಕೆ ಅವರಿಂದ ಏನು ಬಂತು. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಹೇಗಿರುತ್ತದೋ ಥೇಟ್ ಹಾಗೆ: ಇಂಥವರು 51 ಹಾಕಿದ್ದರು, ಅವರ ಮಗಳ ಮದುವೆಗೆ ನಾವು 51ಕ್ಕೆ ಕಡಿಮೆ ಹಾಕುವ ಹಾಗಿಲ್ಲ. ರೊಮೇನಿಯಾದವನೊಬ್ಬ ಮೂರು ಹೊಗಳಿಕೆ ಬಾಕಿ ಉಳಿಸಿಕೊಂಡಿದ್ದಾನೆಂದು ಮೇಷ್ಟ್ರು ಕೆಂಪು ಮಸಿಯಲ್ಲಿ ಗುರುತು ಮಾಡಿದ್ದರು. ಆ ಬಾಕಿಯ ವಸೂಲಿಗಾಗಿ ಅವನು ಬರೆದ ಕರಡಿ ಬೇಟೆಯ ಲೇಖನವನ್ನು ಮೂರನೆಯ ಸಲ ಹೊಗಳಲು ಕೂತಿದ್ದರು.

ಇಷ್ಟು ಬರೆದರೆ ಅದು ಬಾಯಿಗೂ ಇಳಿಯುತ್ತದೆ. ಹುಡುಕುವವನು ಒತ್ತುವ ಪದ ಲೇಖನದಲ್ಲಿ ನೂರಕ್ಕೆ ಎರಡು ಮೂರು ಸಲವಾದರೂ ಬರಬೇಕೆಂಬುದು ಆ ಕಾಲದ ವೇದವಾಕ್ಯ. ಹೀಗಾಗಿ ಅಕ್ಕ "ರೀ, ಮೆಂತ್ಯ ಸೊಪ್ಪು ತಂದ್ರಾ?" ಎಂದು ಕೇಳಿದರೆ, "ಮೆಂತ್ಯ ಸೊಪ್ಪು ತರೋಕೆ ಹೋಗಿದ್ದೆ. ಒಳ್ಳೆ ಮೆಂತ್ಯ ಸೊಪ್ಪು ಸಿಗೋದು ಬೆಳಗ್ಗೆ ಮಾತ್ರ. ಮೆಂತ್ಯ ಸೊಪ್ಪು ಆರಿಸುವಾಗ ಮೂರು ವಿಷಯ ನೆನಪಿಡ್ಬೇಕು" ಎನ್ನುತ್ತಿದ್ದರು. ಸೊಪ್ಪು ತಂದಿರುತ್ತಿರಲಿಲ್ಲ. ನಿವೃತ್ತರಾದ ಪ್ರಿನ್ಸಿಪಾಲರ ಬೀಳ್ಕೊಡುಗೆಯಲ್ಲಿ ಮಾತಾಡಲು ಎದ್ದು, 'ನಮ್ಮ ಪ್ರಿನ್ಸಿಪಾಲರ ಬಗ್ಗೆ ನಿಮಗೆ ಗೊತ್ತಿರದ 10 ಸಂಗತಿಗಳು' ಎಂದು ಶುರು ಮಾಡಿದಾಗ, ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರ ಹೆಂಡತಿ ನೆಟ್ಟಗೆ ಕೂತರಂತೆ. ಐದನೆಯ ಸಂಗತಿಗೆ ಪ್ರಿನ್ಸಿಪಾಲರೇ ಎದ್ದು ಬಂದು ಮೈಕು ಇಸಿದುಕೊಂಡರು.

ಸೋದರಮಾವ ತೀರಿಕೊಂಡಾಗಿನ ಪ್ರಸಂಗ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳಿಯೇಬಿಡುತ್ತೇನೆ, ಮೇಷ್ಟ್ರೇ ಅದನ್ನು ಹತ್ತು ಕಡೆ ಹೇಳಿಕೊಂಡಿದ್ದಾರೆ. ಮೇಷ್ಟ್ರಿಗೆ ಮಾವ ಎಂದರೆ ಪ್ರಾಣ. ಮಣ್ಣು ಮಾಡಿ ಬಂದು ಎಲ್ಲರೂ ಗೋಡೆಗೊರಗಿ ಕೂತಿದ್ದಾಗ ಇವರು ಮಾವನ ಮಗನ ಪಕ್ಕ ಸರಿದು, ಹೆಗಲ ಮೇಲೆ ಕೈಹಾಕಿ, ಬೆಳಗಿನಿಂದ ಬಂದವರು ಆಡಿದ ಮಾತುಗಳಲ್ಲಿ ನಿನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಯಾವುದು ಎಂದು ಮೆಲ್ಲಗೆ ಕೇಳಿದರು. ಅವನು ಅಳುತ್ತ ನಾಲ್ಕೈದು ಹೇಳಿದ. ಮೇಷ್ಟ್ರೂ ಅಳುತ್ತಲೇ ಬರೆದುಕೊಂಡರು. 'ಆಪ್ತರನ್ನು ಕಳೆದುಕೊಂಡವರಿಗೆ ಹೇಳಬಹುದಾದ 25 ಸಾಂತ್ವನದ ಸಂದೇಶಗಳು' ಅವರ ಲೇಖನಗಳಲ್ಲೆಲ್ಲ ಹೆಚ್ಚು ದುಡಿದ ಲೇಖನ. ಸಾವು ಎಲ್ಲ ದೇಶದಲ್ಲೂ ಇದೆ, ಎಲ್ಲ ಋತುವಿನಲ್ಲೂ ಇದೆ, ಅದಕ್ಕೆ ಹಿಮ ಬೀಳಬೇಕೆಂದಿಲ್ಲ. "ಮಾವ ಹೋದ ಮೇಲೂ ನನ್ನ ಕೈಬಿಡ್ಲಿಲ್ಲ ಕಣ್ರಿ" ಎನ್ನುವಾಗ ಅವರ ಗಂಟಲು ನಿಜವಾಗಿಯೂ ಕಟ್ಟುತ್ತದೆ.

2010ರಲ್ಲಿ ಯಾಹೂ ಕಂಪನಿ ಅಸೋಸಿಯೇಟೆಡ್ ಕಂಟೆಂಟ್ ಎಂಬ ಇಂಥದೇ ತಾಣವನ್ನು ಸುಮಾರು 10 ಕೋಟಿ ಡಾಲರಿಗೆ ಕೊಂಡಿತು. ಮೇಷ್ಟ್ರು ಆ ಸುದ್ದಿಯ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ನಮ್ಮಂಥವರ ಬರಹಕ್ಕೆ ಕಟ್ಟಿದ ಬೆಲೆ ಇದು ಎಂದರು. ಬೆಲೆ ಯಾರ ಕೈ ಸೇರಿತೆಂಬ ಪ್ರಶ್ನೆ ಆಗಲೂ ಹುಟ್ಟಲಿಲ್ಲ. ಮರುವರ್ಷ ಫೆಬ್ರುವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರವನ್ನೇ ಬದಲಿಸಿತು. ಜೊಳ್ಳು ಬರಹಗಳನ್ನು ಕೆಳಕ್ಕೆ ತಳ್ಳುವ ಆ ಬದಲಾವಣೆಗೆ ಪಾಂಡಾ ಎಂದು ಹೆಸರು. ಇಂಥ ತಾಣಗಳ ಓದುಗರು ರಾತ್ರೋರಾತ್ರಿ ಕರಗಿದರು. ಪಾಂಡಾ ಎಂದರೆ ಚೀನಾದ ಕರಡಿಯೆಂದೇ ಮೇಷ್ಟ್ರು ಬಹಳ ದಿನ ಶಪಿಸಿದರು; ಅದು ನವನೀತ್ ಪಾಂಡಾ ಎಂಬ ಗೂಗಲ್ ಎಂಜಿನಿಯರರ ಹೆಸರೆಂದು ತಿಳಿದ ಮೇಲೆ, "ನಮ್ಮವರಿಗೆ ನಮ್ಮವರೇ ಶತ್ರು" ಎಂದು ನಿಟ್ಟುಸಿರಿಟ್ಟರು. ಅದೇ ವರ್ಷ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ ಪೇಪಾಲ್ ಮೂಲಕ ಒಂದು ಸಲಕ್ಕೆ 500 ಡಾಲರಿಗಿಂತ ಹೆಚ್ಚು ತರಿಸುವಂತಿಲ್ಲ ಎಂದಾಯಿತು. ಮೇಷ್ಟ್ರ ಖಾತೆಯಲ್ಲಿ ಆಗ 11 ಡಾಲರ್ ಇತ್ತು. ಆದರೂ ಅವರಿಗೆ ಆದ ಸಂಕಟ ನೋಡಲಾಗುತ್ತಿರಲಿಲ್ಲ. "ನಾಳೆ 600 ಬಂತು ಅನ್ನಿ, ಆಗ?"

2014 ಅವರ ಪಾಲಿಗೆ ಸೂತಕದ ವರ್ಷ. ಜುಲೈಯಲ್ಲಿ, 10 ಕೋಟಿ ಕೊಟ್ಟು ಕೊಂಡು ಯಾಹೂ ವಾಯ್ಸಸ್ ಎಂದು ಮರುನಾಮಕರಣ ಮಾಡಿದ್ದ ಆ ತಾಣಕ್ಕೆ ಯಾಹೂ ಬೀಗ ಹಾಕಿತು. ಆಗಸ್ಟಿನಲ್ಲಿ ಸ್ಕ್ವಿಡೂ ತನ್ನ ಬರಹಗಳನ್ನು ಹಬ್‌ಪೇಜಸ್ಸಿಗೆ ಒಪ್ಪಿಸಿ ಕಣ್ಣುಮುಚ್ಚಿತು. ವರ್ಷ ಕಳೆಯುವಷ್ಟರಲ್ಲಿ ಹೀಲಿಯಂ ಎಂಬ ತಾಣವೂ ಹೋಯಿತು. ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುವಾಗ ಅಕ್ಕ, "ಇನ್ನೂ ಎರಡು ಎಲೆ ಹಾಕ್ಲೇನ್ರಿ, ನಿಮ್ಮ ಕಡೆಯೋರಿಗೆ?" ಎಂದು ಕೇಳಿದ್ದು ಬೀದಿಗೆಲ್ಲ ಕೇಳಿಸಿತು. ಆಮೇಲೆಯೂ ಮೇಷ್ಟ್ರು ಸುಮ್ಮನಾಗಲಿಲ್ಲ. 2016ರಲ್ಲಿ ಲೇಖನಕ್ಕೆ ಕ್ರಿಪ್ಟೋ ನಾಣ್ಯ ಕೊಡುವ ಸ್ಟೀಮಿಟ್ ಬಂತು. ಅಲ್ಲಿ ಪಾಸ್‌ವರ್ಡ್ ಕಳೆದರೆ ಮರಳಿ ಕೊಡುವವರಿಲ್ಲ. ಮೇಷ್ಟ್ರು ಅದನ್ನು ಬರೆದಿಟ್ಟಿದ್ದ ಹಳೆಯ ಪಂಚಾಂಗವನ್ನು ಯುಗಾದಿಯ ಹಿಂದಿನ ದಿನ ಅಕ್ಕ ರದ್ದಿಯವನಿಗೆ ಹಾಕಿದರು. 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಯುಸಿ ನ್ಯೂಸ್ ಕೂಡ ಇತ್ತು. ಅದಕ್ಕಾಗಿ ತಯಾರಾಗಿದ್ದ ಲೇಖನಗಳು ಕಂಪ್ಯೂಟರಿನಲ್ಲೇ ಉಳಿದವು. "ದೇಶಕ್ಕಾಗಿ ನಾನೂ ಅಷ್ಟಿಷ್ಟು ಕಳ್ಕೊಂಡಿದೀನಿ" ಎಂದರು. ಅದಕ್ಕೆ ಎದುರಾಡುವುದು ಹೇಗೆ?

ಇವೆಲ್ಲದರ ನಡುವೆ ಒಂದೆರಡು ವರ್ಷ ಅವರು ಗುರುವಾದರು. ಬರೆದು ಗಳಿಸಲು ಹೊರಟವರಲ್ಲಿ ಹೆಚ್ಚು ಗಳಿಸುವವರು ಬರೆದು ಗಳಿಸುವುದು ಹೇಗೆಂದು ಬರೆಯುವವರು ಎಂಬ ರಹಸ್ಯ ಅವರಿಗೆ ತಡವಾಗಿ ಹೊಳೆದಿತ್ತು. ಭಾನುವಾರ ಬೆಳಗ್ಗೆ ಮನೆಯಲ್ಲೇ ತರಗತಿ; ಐನೂರು ರೂಪಾಯಿ, ತಿಂಡಿ ಸೇರಿ. ಗೋಡೆಯ ಮೇಲಿನ ಚೆಕ್ಕೇ ಪಠ್ಯ. ಶಿಷ್ಯರಲ್ಲೊಬ್ಬ ಇವತ್ತು ಪಿ.ಬಿ. ರಸ್ತೆಯಲ್ಲಿ ಮೊಬೈಲ್ ಅಂಗಡಿ ಇಟ್ಟು ಚೆನ್ನಾಗಿದ್ದಾನೆ. ಬರೆಯುವುದು ಬಿಟ್ಟದ್ದಕ್ಕೇ ಹೀಗಾದೆ ಎಂದು ಗುರುಗಳ ಕಾಲು ಮುಟ್ಟಿ ಹೇಳುತ್ತಾನೆ.

ಆದಾಯ ತೆರಿಗೆಯ ಲೆಕ್ಕ ಕೊಡಲು ಹೋದಾಗಿನ ಮಾತು ಚಿಕ್ಕದು. ಲೇಖಕರ ರಾಯಧನಕ್ಕೆ 80ಕ್ಯೂಕ್ಯೂಬಿ ಎಂಬ ಕಲಮಿನಡಿ 3 ಲಕ್ಷ ರೂಪಾಯಿಯವರೆಗೆ ವಿನಾಯಿತಿ ಇದೆ ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ಅದನ್ನು ತಮಗೂ ಹಾಕಬೇಕೆಂದು ಆಡಿಟರನ್ನು ಒತ್ತಾಯಿಸಿದರು. ಆಡಿಟರು ಅವರದೇ ಹಳೆಯ ವಿದ್ಯಾರ್ಥಿ. "ಸಾರ್, ಅದು ಪುಸ್ತಕಕ್ಕೆ ಮಾತ್ರ, ಅದರಲ್ಲೂ ಸಾಹಿತ್ಯ, ಕಲೆ, ವಿಜ್ಞಾನದ ಪುಸ್ತಕಕ್ಕೆ. ಪತ್ರಿಕೆ, ಗೈಡು ಇವಕ್ಕೂ ಇಲ್ಲ. ನಿಮ್ದು ಟರ್ಕಿ ಕೋಳಿ ಅಲ್ವಾ ಸಾರ್?" ಎಂದ. ವಿನಾಯಿತಿ ಬೇಕಾಗುವಷ್ಟು ಆದಾಯವೂ ಅದರಲ್ಲಿರಲಿಲ್ಲ ಎಂಬುದನ್ನು ಗುರುಭಕ್ತಿಯಿಂದ ಬಾಯಿಬಿಟ್ಟು ಹೇಳಲಿಲ್ಲ.

ನನಗೆ ಅವರ ಮೇಲಿರುವ ತಕರಾರು ದುಡ್ಡಿನದಲ್ಲ. ಸಂಜೆ ಕರೆಂಟು ಹೋದಾಗ ಕಟ್ಟೆಯ ಮೇಲೆ ಕೂತು ಮೇಷ್ಟ್ರು ಹತ್ತಿ ಗಿರಣಿಗಳ ಕಾಲದ ಕಥೆ ಹೇಳುವುದನ್ನು ನೀವು ಕೇಳಬೇಕು. ಅವರ ತಂದೆ ಗಿರಣಿಯಲ್ಲಿ ಪಾಳಿ ಮಾಡಿದವರು. ಮಿಲ್ಲಿನ ಕೂಗಿಗೆ ಊರೆಲ್ಲ ಗಡಿಯಾರ ತಿದ್ದಿಕೊಳ್ಳುತ್ತಿದ್ದದ್ದು, ರಾತ್ರಿ ಪಾಳಿ ಬಿಟ್ಟವರು ಹುಬ್ಬಿನ ಮೇಲೆಲ್ಲ ಹತ್ತಿ ಅಂಟಿಸಿಕೊಂಡು ಬಿಳಿ ಹುಬ್ಬಿನ ಮುದುಕರಾಗಿ ಮನೆಗೆ ಬರುತ್ತಿದ್ದದ್ದು, ಬಾಗಿಲು ಮುಚ್ಚಿದ ಮೇಲೂ ಒಬ್ಬಾತ ತಿಂಗಳುಗಟ್ಟಲೆ ಬುತ್ತಿ ಕಟ್ಟಿಕೊಂಡು ಹೋಗಿ ಗೇಟಿನ ಮುಂದೆ ಉಂಡು ಬರುತ್ತಿದ್ದದ್ದು. ಹೇಳುವಾಗ ಎಣಿಕೆಯಿಲ್ಲ, ಒಂದು ಪದವೂ ಎರಡನೆಯ ಸಲ ಬರುವುದಿಲ್ಲ. ಕರೆಂಟು ಬಂದರೂ ನಾವು ಏಳುವುದಿಲ್ಲ. ಇದನ್ನು ಬರೆಯಿರಿ ಎಂದರೆ, "ಇದನ್ನ ಯಾರು ಹುಡುಕ್ತಾರೆ?" ಎನ್ನುತ್ತಾರೆ. ಹುಡುಕಿದರೂ ಕನ್ನಡದ ಪುಟಕ್ಕೆ ಆಡ್‌ಸೆನ್ಸಿನ ಜಾಹೀರಾತು ಬೀಳುವ ಹಾಗಿರಲಿಲ್ಲ. ಹಿಂದಿಗೇ ಆ ಭಾಗ್ಯ ಬಂದದ್ದು 2014ರ ಡಿಸೆಂಬರಿನಲ್ಲಿ.

ಕೊನೆಗೂ ಅವರನ್ನು ಕನ್ನಡಕ್ಕೆ ಎಳೆದದ್ದು ಪ್ರತಿಲಿಪಿ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ತಾಣದಲ್ಲಿ ಕನ್ನಡದ ಧಾರಾವಾಹಿಗಳಿಗೆ ದೊಡ್ಡ ಓದುಗ ಬಳಗವಿದೆ. ಮೆಚ್ಚಿದವರು ಸ್ಟಿಕ್ಕರ್ ಕೊಟ್ಟರೆ ಬರೆದವರಿಗೆ ಚಿಲ್ಲರೆ ಸೇರುತ್ತದೆ. ಗಿರಣಿಯ ಕಥೆ ಬರುತ್ತದೆಂದು ನಾನು ಆಸೆಪಟ್ಟಿದ್ದೆ. ಮೇಷ್ಟ್ರು ಮಾರುಕಟ್ಟೆ ಸಮೀಕ್ಷೆ ಮಾಡಿ, ಸಿಟ್ಟಿನ ಶ್ರೀಮಂತ ಗಂಡ ಮತ್ತು ಒಪ್ಪಿಗೆಯಿಲ್ಲದೆ ಮದುವೆಯಾದ ಬಡ ಹುಡುಗಿಯ ಕಥೆ ಶುರುಮಾಡಿದರು. ನಾಯಕ ಹೆಲಿಕಾಪ್ಟರಿನಲ್ಲಿ ಓಡಾಡುವವನು. ಆದರೆ ಹುಡುಗಿಯ ಅಪ್ಪ ಮುಚ್ಚಿಹೋದ ಗಿರಣಿಯ ಕಾರ್ಮಿಕ. ಮೇಷ್ಟ್ರಿಗೆ ಗೊತ್ತಿಲ್ಲದ ಹಾಗೆ ಅಲ್ಲಿ ನುಸುಳಿಕೊಂಡಿದ್ದ. ಹಿಮದ ಲೇಖನಗಳಲ್ಲಿ ಒಂದನ್ನೂ ತೆರೆದು ನೋಡದ ಅಕ್ಕ ಈಗ ಅನ್ನಕ್ಕೆ ಇಟ್ಟು ಮೊಬೈಲು ಹಿಡಿದು ಮುಂದಿನ ಕಂತಿಗೆ ಕಾಯುತ್ತಾರೆ. "ರೀ, ಆ ಹುಡುಗಿ ಅಪ್ಪನ್ನ ಯಾಕ್ರೀ ಆಸ್ಪತ್ರೆಗೆ ಹಾಕಿದ್ರಿ? ನಾಳೆ ಮನೆಗೆ ಕರ್ಕೊಂಡು ಬರ್ರಿ" ಎಂದು ಜಗಳವಾಡುತ್ತಾರೆ. ಹೊಳಲ್ಕೆರೆಯಿಂದ, ಸಿರಾದಿಂದ, ದುಬೈಯಿಂದ ಹೆಂಗಸರು ಅದೇ ಜಗಳವನ್ನು ಬರೆದು ಕಳಿಸುತ್ತಾರೆ. ಮೇಷ್ಟ್ರ ಮುಯ್ಯಿ ಪುಸ್ತಕದಲ್ಲಿ ಇವರ ಹೆಸರು ಬರೆಯಲು ಜಾಗವೇ ಇಲ್ಲ, ಏಕೆಂದರೆ ಇವರಾರೂ ತಾವು ಬರೆದದ್ದನ್ನು ಹೊಗಳೆಂದು ಕೇಳುವವರಲ್ಲ. ಅಪ್ಪ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಬಿಡಿಸಿದರೆ ಓದುಗರು ಬಿಟ್ಟುಹೋಗುತ್ತಾರೆಂದು ಮೇಷ್ಟ್ರಿಗೆ ಭಯ.

ಈಚೆಗೆ ಕೃತಕ ಬುದ್ಧಿಮತ್ತೆ ಬಂದು ಇನ್ನೊಂದು ಏಟು ಕೊಟ್ಟಿದೆ. ಒಂಬತ್ತು ವಿಧಾನ ಬೇಕೆಂದರೆ ಅದು ಒಂದು ನಿಮಿಷದೊಳಗೆ ಒಂಬತ್ತು ಕೊಡುತ್ತದೆ. ಹೀಗೆ ರಾಶಿ ರಾಶಿ ಬರಹ ಸುರಿದು ಹುಡುಕಾಟದಲ್ಲಿ ಮೇಲೇರಲು ನೋಡುವವರ ಮೇಲೆ 2024ರ ಮಾರ್ಚಿನಲ್ಲಿ ಗೂಗಲ್ ಹೊಸ ನಿಯಮವನ್ನೂ ತಂದಿತು. ಮೇಷ್ಟ್ರು ತಮ್ಮ ಹಳೆಯ ಹಿಮದ ಲೇಖನವನ್ನು ಒಂದು ಹೊಸ ತಾಣಕ್ಕೆ ಕಳಿಸಿದರೆ, ಇದು ಯಂತ್ರ ಬರೆದದ್ದು ಎಂದು ತಿರಸ್ಕೃತವಾಗಿ ವಾಪಸು ಬಂತು. ಶೀಟಿನ ಕೆಳಗೆ ಬೆವರು ಸುರಿಸಿ ಬರೆದದ್ದು! ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಯಂತ್ರ ಹುಟ್ಟೋಕೆ ಮೊದ್ಲೇ ನಾನು ಹಂಗೆ ಬರೀತಿದ್ದೆ ಅಂದ್ರೆ, ಒಂಥರಾ ಅದಕ್ಕೆ ನಾನೇ ಮೇಷ್ಟ್ರು ಅಂತಾಯ್ತಲ್ವಾ?" ಎಂದರು. ತಮ್ಮ ಲೇಖನಗಳನ್ನು ಓದಿಯೇ ಅದು ಕಲಿತಿರಬೇಕೆಂದು ಅವರ ಗುಮಾನಿ. ಇದೊಂದು ವಿಷಯದಲ್ಲಿ ಅವರು ಹೇಳುವುದು ನಿಜವಿದ್ದರೂ ಇರಬಹುದು.

ಸದ್ಯಕ್ಕೆ ಅವರ ಠಿಕಾಣಿ ಮೀಡಿಯಂ ಎಂಬ ತಾಣ. 2017ರಲ್ಲಿ ಲೇಖಕರಿಗೆ ಹಣ ಕೊಡಲು ಶುರುಮಾಡಿದಾಗ ಅಲ್ಲಿ ಚಪ್ಪಾಳೆಯ ಲೆಕ್ಕವಿತ್ತು. ಒಬ್ಬ ಓದುಗ ಒಂದು ಲೇಖನಕ್ಕೆ 50 ಸಲದವರೆಗೆ ಚಪ್ಪಾಳೆ ಒತ್ತಬಹುದು. ಆಗ ಮೇಷ್ಟ್ರು ಬೀದಿಯವರ ಮೊಬೈಲನ್ನೆಲ್ಲ ಇಸಿದುಕೊಂಡು ತಾವೇ ಐವತ್ತೈವತ್ತು ಒತ್ತಿ ಕೊಡುತ್ತಿದ್ದರು. ಭಾರತದಲ್ಲಿರುವವರಿಗೆ ಹಣದ ಬಾಗಿಲು ಇನ್ನೂ ತೆರೆದಿಲ್ಲ, ಮೇಲಾಗಿ ಶುಲ್ಕ ಕಟ್ಟಿದ ಸದಸ್ಯರ ಚಪ್ಪಾಳೆಗಷ್ಟೇ ಬೆಲೆ ಎಂದು ತಿಳಿಯುವ ಹೊತ್ತಿಗೆ ಅವರ ಹೆಬ್ಬೆರಳು ಊದಿತ್ತು. 2019ರಲ್ಲಿ ಚಪ್ಪಾಳೆ ಹೋಗಿ ಓದಿದ ಹೊತ್ತಿನ ಲೆಕ್ಕ ಬಂತು. ಈಗ ಬಾಗಿಲು ತೆರೆದಿದೆ, ಮೇಷ್ಟ್ರು ಒಳಗಿದ್ದಾರೆ, ಹಿಮದ ಮೇಲೆ ಹೊಸ ಲೇಖನ ಹಾಕಿದ್ದಾರೆ.

ಆದ್ದರಿಂದ ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇದ್ದು, ತಿಂಗಳಿಗೆ 5 ಡಾಲರ್ ಕಟ್ಟಿ ಆ ತಾಣದ ಸದಸ್ಯರಾಗಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಹಿಮ ತೆಗೆಯುವ ಯಂತ್ರದ ಬಗ್ಗೆ ಲೇಖನ ಕಣ್ಣಿಗೆ ಬಿದ್ದರೆ ತೆರೆಯಿರಿ, ತೆರೆದು ಕನಿಷ್ಠ 30 ಸೆಕೆಂಡು ಹಾಗೇ ಬಿಡಿ. ಅಷ್ಟು ಹೊತ್ತಿದ್ದರೆ ಮಾತ್ರ ಓದಿದ ಹಾಗೆ ಲೆಕ್ಕ. ಓದಲೇಬೇಕೆಂದಿಲ್ಲ, ಒಲೆ ಮೇಲಿಟ್ಟ ಹಾಲು ನೋಡಿ ಬಂದರೂ ಆದೀತು. ಆಮೇಲೆ ಪ್ರತಿಲಿಪಿಗೆ ಹೋಗಿ, ಆ ಹುಡುಗಿಯ ಅಪ್ಪನನ್ನು ಆಸ್ಪತ್ರೆಯಿಂದ ಬಿಡಿಸಿ ಗಿರಣಿಯ ಕಥೆ ಹೇಳಿಸಿ ಎಂದು ನೀವೂ ನಾಲ್ಕು ಸಾಲು ಜಗಳ ಬರೆಯಿರಿ. ನನ್ನ ಮಾತು ಅವರು ಕೇಳುವುದಿಲ್ಲ, ನಾನು ಸ್ಟಿಕ್ಕರ್ ಕೊಟ್ಟವನಲ್ಲ.